ಕೆಂಪು ಟ್ರೇಯಲ್ಲಿ ನಲವತ್ತು ಹಿತ್ತಾಳೆ ಕೇಸು

ದಾವಣಗೆರೆ, ಹೊರಡುವ ಮುನ್ನ

ಅರವತ್ತೆರಡನೇ ವಯಸ್ಸಿಗೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದವನು ನಾನು. ಅಲ್ಲಿಯವರೆಗೆ ನನ್ನ ಪ್ರವಾಸ ಅಂದರೆ ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ. ಅಂಥವನು ಚೆಕ್ ದೇಶಕ್ಕೆ ಹೊರಟಿದ್ದೇನೆ ಅಂದಾಗ ಕೆ.ಬಿ. ಬಡಾವಣೆಯ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. "ಅಲ್ಲೇನ್ ಐತ್ರಿ ರೆಹಮಾನ್ ಸಾಬ್ರೆ? ಲೇತ್ ಮಿಷಿನ್ನು ತರಾಕೆ ಹೊಂಟೀರೇನು?" ಅಂತ ಚಹಾ ಅಂಗಡಿಯವನು ಕೇಳಿದ. ಹೂಂ ಕಣಪ್ಪ, ಜೇಬಲ್ಲಿ ಇಟ್ಕೊಂಡು ಬರ್ತೀನಿ ಅಂದೆ.

ನಾನು ಹೊರಟಿದ್ದು ಕಾರೆಲ್ ಸಾಹೇಬರಿಗೋಸ್ಕರ. ನಲವತ್ತು ವರ್ಷದ ಹಿಂದೆ ಹರಿಹರದ ಕಾರ್ಖಾನೆಗೆ ಅವರ ದೇಶದ ಯಂತ್ರಗಳು ಬಂದಾಗ ಜೊತೆಗೆ ಬಂದು, ಮೂರು ವರ್ಷ ಇದ್ದು, ನಮಗೆ ಕೆಲಸ ಕಲಿಸಿದವರು. ನಮ್ಮಿಂದ ಅವರು ಕನ್ನಡ ಕಲಿತರು, ಅದೂ ಹರಿಹರದ ಕನ್ನಡ. 'ಯಾಕ', 'ಹೆಂಗೆ', 'ಬ್ಯಾಡ' ಈ ಮೂರೇ ಮಾತಲ್ಲಿ ಇಡೀ ಟೂಲ್‌ರೂಮ್ ನಡೆಸುತ್ತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ. ಬಲಗಣ್ಣು ಮಂಜಾಗಿದೆ. ಮಗಳು ಹಾನಾ ವಿಡಿಯೊ ಕಾಲ್ ಮಾಡಿ ಫೋನು ಅವರ ಮುಂದೆ ಹಿಡಿದಳು. "ರೆಹಮಾನ್, ಬಾ. ನನ್ನ ಕೈ ಕೆಟ್ಟೈತೆ. ನಿನ್ನ ಕೈ ಬೇಕು" ಅಂದರು.

ಅವರ ಊರಿನಲ್ಲಿ ಗುರಿ ಹೊಡೆಯುವುದು ನಮ್ಮಲ್ಲಿ ಕೇರಂ ಆಡಿದ ಹಾಗೆ. ಕ್ಲಬ್ಬು ಇದೆ, ವರ್ಷಕ್ಕೊಂದು ಪಂದ್ಯ ಇದೆ. ಈ ಸಲದ್ದು ಅವರ ಕೊನೆಯ ಪಂದ್ಯ, ಬರುವ ಚಳಿಗಾಲದ ಹೊತ್ತಿಗೆ ಕಣ್ಣು ಗುರಿಗೆ ನಿಲ್ಲುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಗುಂಡು ಹಾರಿದ ಮೇಲೆ ಬಂದೂಕಿನಲ್ಲಿ ಉಳಿಯುವ ಹಿತ್ತಾಳೆಯ ಖಾಲಿ ತೋಟಾ ಇರುತ್ತದಲ್ಲ, ಅದಕ್ಕೆ ಅವರು ಕೇಸು ಅನ್ನುತ್ತಾರೆ. ಅದನ್ನು ತೊಳೆದು, ಒತ್ತಿ, ಅಳತೆಗೆ ಕತ್ತರಿಸಿ, ಮತ್ತೆ ಮದ್ದು ತುಂಬಲು ಸಿದ್ಧ ಮಾಡುತ್ತಾರೆ. ನಡುಗುವ ಕೈಗೆ ಆಗದ ಕೆಲಸ ಅದು.

ಮಜ ಏನಂದರೆ ನಾನು ಹೋಗಬೇಕು ಅಂದುಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಮಜ ಅಂದೆನಲ್ಲ, ಥೂ, ಅದರಲ್ಲಿ ಮಜ ಏನೂ ಇಲ್ಲ.

ಟೂಲ್‌ರೂಮಿನಲ್ಲಿ ಸಾಹೇಬರದ್ದು ಒಂದೇ ಕಟ್ಟಳೆ. ಕೆಟ್ಟ ಪೀಸನ್ನು ಬಾಗಿಲ ಎದುರಿನ ಕೆಂಪು ಟ್ರೇಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಅವರು ಬೈಯುತ್ತಿರಲಿಲ್ಲ. ಆದರೆ ನಮ್ಮ ಸೂಪರ್‌ವೈಸರು ಬೇರೆ ಜಾತಿಯ ಪ್ರಾಣಿ, ಒಂದು ತಿಂಗಳಲ್ಲಿ ಮೂರು ಪೀಸು ಕೆಡಿಸಿದರೆ ಹೆಸರು ಹೊಡೆದುಹಾಕುತ್ತೇನೆ ಅಂದಿದ್ದ. ನಾನು ಮೂರನೆಯದನ್ನು ಕೆಡಿಸಿದೆ. ಮುಷ್ಟಿ ಗಾತ್ರದ ಗನ್‌ಮೆಟಲ್ ಬುಷ್, ಅಂದರೆ ತಾಮ್ರದ ಮಿಶ್ರಲೋಹದ ದಪ್ಪ ಬಳೆ, ಒಳತೂತು ಅಳತೆಗಿಂತ ದೊಡ್ಡದಾಗಿತ್ತು. ಟಿಫಿನ್ ಡಬ್ಬಿಯಲ್ಲಿ ಅನ್ನದ ಅಡಿಯಲ್ಲಿ ಅದನ್ನು ಮುಚ್ಚಿಟ್ಟು ಗೇಟು ದಾಟಿಸಿ, ಸೇತುವೆ ಮೇಲಿಂದ ತುಂಗಭದ್ರೆಗೆ ಎಸೆದುಬಿಟ್ಟೆ.

ಮಾರನೆಯ ದಿನ ಲೆಕ್ಕದಲ್ಲಿ ಒಂದು ಪೀಸು ಕಡಿಮೆ ಬಂತು. ಗನ್‌ಮೆಟಲ್ ಅಂದರೆ ಗುಜರಿಯವರಿಗೆ ಬಂಗಾರ. ಅನುಮಾನ ಬಂದಿದ್ದು ನನ್ನ ಪಕ್ಕದ ಬೆಂಚಿನ ನಂದಿಗುಡಿ ಬಸಣ್ಣನ ಮೇಲೆ, ಯಾಕೆಂದರೆ ಹಿಂದಿನ ದಿನ ಕೊನೆಗೆ ಹೊರಬಿದ್ದವನು ಅವನು. ಅವನ ಬಳಿ ಏನೂ ಸಿಗಲಿಲ್ಲ. ಆದರೂ ಮನೆಗೆ ಕಳಿಸಿದರು. ಟ್ರೇನಿಂಗ್ ಮುಗಿಯಲು ನಾಲ್ಕು ತಿಂಗಳಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಬಸಣ್ಣ ಊರಿಗೆ ಹೋಗಿ ಭತ್ತ ಬೆಳೆದ. ಬದುಕು ಕೆಡಲಿಲ್ಲ, ಹೆಸರು ಕೆಟ್ಟಿತು. ಊರಲ್ಲಿ 'ಗನ್‌ಮೆಟಲ್ ಬಸ್ಯಾ' ಅಂತ ಕರೆದರು. ಅವನು ಹೋದಾಗೆಲ್ಲ ಅವನ ಮಾವ, "ಹಿತ್ತಾಳೆ ಸಾಮಾನು ಒಳಗಿಡ್ರವ್ವ, ಅಳಿಯ ಬಂದಾನೆ" ಅಂತ ತಮಾಷೆ ಮಾಡುತ್ತಿದ್ದನಂತೆ. ಸಂತೆಗೆ ಬಂದಾಗ ಬಸಣ್ಣನೇ ನನ್ನ ಜೊತೆ ಚಹಾ ಕುಡಿಯುತ್ತಾ ಇದನ್ನು ಹೇಳಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಸಾಹೇಬರ ಕಣ್ಣು ಕಾಣುತ್ತಿರುವಾಗಲೇ, ಅವರ ಎದುರಾದರೂ ಇದನ್ನು ಹೇಳಿಬಿಡಬೇಕು ಅಂತ ಹೊರಟೆ.

ವಿಮಾನ ನಿಲ್ದಾಣ

ಹೆಂಡತಿ ಶಮೀಮ್ ಒಂದು ಸೇರಿನಷ್ಟು ಹುಣಸೇಹಣ್ಣು ಉಂಡೆ ಕಟ್ಟಿ ಕೊಟ್ಟಿದ್ದಳು, ಅಲ್ಲಿ ಸಾರಿಗೆ ಏನು ಮಾಡ್ತೀರಿ ಅಂತ. ಪ್ರಾಗ್‌ನಲ್ಲಿ ಒಬ್ಬ ಅಧಿಕಾರಿ ಅದನ್ನು ಹೊರಗೆ ತೆಗೆದು, ಒತ್ತಿ, ಮೂಸಿ, ಇನ್ನೊಬ್ಬನನ್ನು ಕರೆದ. ನಾನು ಅದು ತಿನ್ನುವ ಪದಾರ್ಥ ಅಂತ ಬಾಯಿಗೆ ಕೈ ಮಾಡಿ ತೋರಿಸಿದೆ. ನಂಬಲಿಲ್ಲ. ಕೊನೆಗೆ ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಹುಳಿಗೆ ಒಂದು ಕಣ್ಣು ಮುಚ್ಚಿ ತೋರಿಸಿದೆ. ಇಬ್ಬರೂ ನಕ್ಕು ಬಿಟ್ಟುಕೊಟ್ಟರು. ಅವತ್ತು ಅದನ್ನು ಕಿತ್ತುಕೊಂಡು ಕಸಕ್ಕೆ ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ರೈಲಿನಲ್ಲಿ ಎರಡು ತಾಸು ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಯಾವ ಊರು, ಎಷ್ಟು ಮಕ್ಕಳು, ಏನೂ ಕೇಳಲಿಲ್ಲ. ನಮ್ಮ ಹರಿಹರದ ಪ್ಯಾಸೆಂಜರಿನಲ್ಲಿ ಆಗಿದ್ದರೆ ಅಷ್ಟೊತ್ತಿಗೆ ನನ್ನ ಶುಗರ್ ಎಷ್ಟಿದೆ ಅಂತ ಬೋಗಿಗೆಲ್ಲ ಗೊತ್ತಾಗಿರುತ್ತಿತ್ತು.

ಸಾಹೇಬರ ಮನೆ, ಮೊದಲ ಎರಡು ದಿನ

ಅಲ್ಲಿಯೂ ಬಾಗಿಲಲ್ಲೇ ಬೂಟು ಬಿಡುತ್ತಾರೆ. ಇದನ್ನು ನೋಡಿ ನನಗೆ ಅರ್ಧ ಧೈರ್ಯ ಬಂತು. ಆದರೆ ಬರಿಗಾಲಲ್ಲಿ ಬಿಡುವುದಿಲ್ಲ, ಬಂದವರಿಗೆ ಅಂತಲೇ ಮೆತ್ತನೆ ಚಪ್ಪಲಿ ಸಾಲಾಗಿ ಇಟ್ಟಿರುತ್ತಾರೆ. ಹಾನಾ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಐವತ್ತರ ಹತ್ತಿರ, ನಾನೂ ಅವಳೂ ಹರಕು ಇಂಗ್ಲಿಷಿನಲ್ಲೇ ಮಾತಾಡಿಕೊಂಡೆವು. ನಾನು ಹಂದಿ ತಿನ್ನುವುದಿಲ್ಲ ಅಂತ ಯಾರೋ ಹೇಳಿದ್ದರಂತೆ, ನಾನಿರುವಷ್ಟು ದಿನ ಆ ಮನೆಯಲ್ಲಿ ಯಾರೂ ತಿನ್ನಲಿಲ್ಲ. ನಾನು ಹಾಗೆ ಕೇಳಿರಲಿಲ್ಲ.

ಸಾಹೇಬರು ಬಾಗಿಲಿಗೆ ಬಂದು ನನ್ನ ಮುಖ ನೋಡುವ ಮೊದಲು ಕೈ ನೋಡಿದರು. ಬೆರಳು ಮಡಿಸಿ ಬಿಡಿಸಿ ಪರೀಕ್ಷೆ ಮಾಡಿದರು. "ಚಲೋ ಐತೆ. ಊಟ ಆಯ್ತಾ?" ಅಂದರು. ನನಗೆ ಕಣ್ಣು ತುಂಬಿತು. ಆವತ್ತೇ ಹೇಳಿಬಿಡಬೇಕಿತ್ತು. ನಾಳೆ ಹೇಳೋಣ ಅಂದುಕೊಂಡೆ.

ಮನೆಯ ಹಿಂದೆ ಅವರ ಕೆಲಸದ ಕೋಣೆ. ಪ್ರತಿ ಸಲಕರಣೆಗೂ ಗೋಡೆಯ ಮೇಲೆ ಅದರದೇ ಆಕಾರ ಬಣ್ಣದಲ್ಲಿ ಬರೆದಿದೆ, ತೆಗೆದರೆ ಜಾಗ ಖಾಲಿ ಅಂತ ತಕ್ಷಣ ಕಾಣುತ್ತದೆ. ಬೆಂಚಿನ ಮೇಲೆ ಕಪ್ಪಗಾದ ಒಂದು ಲೋಹದ ಬಳೆಯಲ್ಲಿ ಬ್ರಷ್ಷು, ಪೆನ್ಸಿಲ್ಲು ತುರುಕಿಟ್ಟಿದ್ದರು. ಎದುರು ಗೋಡೆಗೆ ಕೇಸಿನ ಒಂದು ಚಿತ್ರ, ಪಕ್ಕದಲ್ಲಿ ಬುಡದಿಂದ ಬಾಯಿಯವರೆಗೆ ಏನೇನೋ ಅಂಕಿಗಳು. ಬಾಗಿಲ ಎದುರಿಗೆ ಕೆಂಪು ಟ್ರೇ. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಕೇಸುಗಳು ಐವತ್ತಿದ್ದವು. ಬಂದೂಕು ಅವರ ತಂದೆಯ ಕಾಲದ್ದು, ಅದರ ಅಳತೆಯ ಕೇಸು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಈ ಐವತ್ತೂ ಅದೇ ಬಂದೂಕಿನಲ್ಲಿ ಹಾರಿ ಹಾರಿ ಅದರ ಹೊಟ್ಟೆಯ ಅಚ್ಚು ಪಡೆದಿದ್ದವು. ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇರಬಾರದು, ಇದ್ದರೆ ದೂರದ ಗುರಿಯಲ್ಲಿ ಗುಂಡು ಗೇಣು ಅತ್ತಿತ್ತ ಹೋಗುತ್ತದೆ. ಮದ್ದು ಮತ್ತು ಬಂದೂಕು ಬೀಗ ಹಾಕಿದ ಬೀರುವಿನಲ್ಲಿದ್ದವು, ಅದು ಲೈಸೆನ್ಸ್ ಇದ್ದ ಅವರ ಕೆಲಸ. ನನ್ನದು ಹಿತ್ತಾಳೆ ಅಷ್ಟೆ.

ಎರಡನೆಯ ದಿನ ಅವರು ಪಕ್ಕದಲ್ಲಿ ಕೂತು ಹತ್ತು ಕೇಸು ಮಾಡಿಸಿದರು. ಬುಡದ ಗುಂಡಿಯ ಮಸಿ ಕೆರೆ. ಅಚ್ಚಿಗೆ ಒತ್ತು. ಉದ್ದ ನೋಡಿ ಕತ್ತರಿಸು, ಬಾಯಂಚಿನ ಮುಳ್ಳು ತೆಗಿ. ಕಡೆಗೆ ಸಣ್ಣ ಉರಿ ಹಚ್ಚಿ, ಕೇಸಿನ ಬುಡವನ್ನು ನನ್ನ ಬರಿ ಬೆರಳಲ್ಲಿ ಹಿಡಿಸಿ, ಕುತ್ತಿಗೆ ಮಾತ್ರ ಉರಿಯಲ್ಲಿ ತಿರುಗಿಸಲು ಹೇಳಿದರು. "ಬೆರಳು ಸುಟ್ಟರೆ ಬಿಡು" ಅಂದರು. ಬೆರಳು ಯಾಕೆ ಸುಟ್ಟುಕೊಳ್ಳಬೇಕು, ಇಕ್ಕಳ ಇಲ್ಲವಾ ಅಂತ ನನಗನ್ನಿಸಿತು. ಕೇಳಲಿಲ್ಲ. ಗುರುಗಳಿಗೆ ಎದುರು ಪ್ರಶ್ನೆ ಕೇಳಬಾರದು ಅನ್ನುವ ನಮ್ಮ ಹಾಳು ಅಭ್ಯಾಸ.

ಮೂರನೆಯ ದಿನ

ಬೆಳಿಗ್ಗೆ ಹಾನಾ ಅವರನ್ನು ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಉಳಿದ ನಲವತ್ತನ್ನು ನಿಧಾನ ಮಾಡು ಅಂದು ಹೋದರು. ಮನೆಯಲ್ಲಿ ನಾನೊಬ್ಬನೇ.

ನೋಡುತ್ತಾ ಹೋದರೆ ಒಂದು ಕೇಸಿನ ಕುತ್ತಿಗೆಯಲ್ಲಿ ಸಣ್ಣ ಬಿರುಕು. ಓಹೋ, ಹಿತ್ತಾಳೆ ಬಡಿಸಿಕೊಂಡು ಗಟ್ಟಿಯಾಗಿದೆ ಅಂತ ಗೊತ್ತಾಯಿತು. ಇದು ನಮ್ಮ ಮನೆಯ ವಿದ್ಯೆ. ನಮ್ಮ ಅಬ್ಬಾ ದಾವಣಗೆರೆ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು, ನೆಗ್ಗಿದ ಕೊಡ, ತಪ್ಪಲೆ ಸರಿ ಮಾಡುತ್ತಿದ್ದರು. ಗಟ್ಟಿಯಾದ ಹಿತ್ತಾಳೆಯನ್ನು ಇಡಿಯಾಗಿ ಕೆಂಡದಲ್ಲಿಟ್ಟು ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು, ಆಮೇಲೆ ಅದು ಹೇಳಿದ ಮಾತು ಕೇಳುತ್ತದೆ. ತಿದಿ ಒತ್ತಿ ಒತ್ತಿ ಬೆಳೆದವನು ನಾನು. ಉಕ್ಕನ್ನು ಸಾಹೇಬರಿಂದ ಕಲಿತೆ, ಹಿತ್ತಾಳೆಯನ್ನು ನನಗೆ ಯಾರೂ ಕಲಿಸಬೇಕಿಲ್ಲ ಅನ್ನುವ ಜಂಬ ಬೇರೆ.

ಹಿತ್ತಲಲ್ಲಿ ಇದ್ದಿಲ ಒಲೆ ಹಚ್ಚಿದೆ. ನಲವತ್ತೂ ಕೇಸನ್ನು ಕಬ್ಬಿಣದ ಬಾಣಲೆಗೆ ಸುರಿದು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಕಪ್ಪು ಹಿಡಿದಿದ್ದಕ್ಕೆ ಹುಣಸೇಹಣ್ಣು ನೆನೆಸಿ ತಿಕ್ಕಿದೆ. ಆಹಾ, ಮದುವೆ ಮನೆಯ ತಂಬಿಗೆಗಳ ಹಾಗೆ ಥಳಥಳ ಹೊಳೆದವು. ಸಾಹೇಬರು ಬಂದು ನೋಡಿದರೆ ಎಷ್ಟು ಖುಷಿಪಟ್ಟಾರು ಅಂತ ಒಬ್ಬನೇ ನಕ್ಕೆ.

ಮೊದಲನೆಯದನ್ನು ಅಚ್ಚಿಗೆ ಒತ್ತಿ ವಾಪಸ್ ಎಳೆದೆ. ಬುಡದ ಅಂಚು ಹಲ್ವಾದ ಹಾಗೆ ಕಿತ್ತುಬಂತು.

ಇನ್ನೊಂದು. ಅದೂ ಅಷ್ಟೆ. ಆಗ ತಲೆಯೆತ್ತಿ ಗೋಡೆಯ ಚಿತ್ರ ಓದಿದೆ. ಅಂಕಿಗಳಿಗೆ ಭಾಷೆ ಬೇಕಾ? ಅವು ಗಟ್ಟಿತನದ ಅಂಕಿಗಳು, ಬುಡದಲ್ಲಿ ಎಲ್ಲಕ್ಕಿಂತ ಹೆಚ್ಚು, ಕುತ್ತಿಗೆಗೆ ಬರುತ್ತಾ ಕಡಿಮೆ. ಜೀವಮಾನವೆಲ್ಲ ಅಂಥ ಅಂಕಿ ನೋಡಿದ ನಾನು ಎರಡು ದಿನ ಅದರ ಎದುರಿಗೇ ಕೂತು ಓದಿರಲಿಲ್ಲ. ಕುತ್ತಿಗೆ ಮೆತ್ತಗಿರಬೇಕು, ಬುಡ ಗಟ್ಟಿಯಿರಬೇಕು. ಮದ್ದು ಉರಿದಾಗ ತಡೆಯುವುದು ಬುಡ. ಅದಕ್ಕೇ ಬುಡವನ್ನು ಬೆರಳಲ್ಲಿ ಹಿಡಿಸಿದ್ದು, ಬೆರಳು ತಾಳುವಷ್ಟೇ ಬಿಸಿ ಅದಕ್ಕೆ ತಗುಲಬೇಕು. ನಾನು ನಲವತ್ತರ ಬುಡವನ್ನೂ ಮೆತ್ತಗೆ ಮಾಡಿದ್ದೆ. ಒಂದು ಹಾರಿಸಿದರೂ ಬೆಂಕಿ ಹಿಂದಕ್ಕೆ, ಸಾಹೇಬರ ಮುಖಕ್ಕೆ ಬರುತ್ತಿತ್ತು.

ಒಲೆ ಆರಿಸಿದೆ. ಅಷ್ಟರಲ್ಲಿ ಹಾನಾ ಫೋನ್ ಮಾಡಿ ಒಂದು ತಾಸಿನಲ್ಲಿ ಬರುತ್ತೇವೆ ಅಂದಳು.

ಹಳ್ಳದ ಸೇತುವೆ

ಮನೆಯ ಹಿಂದೆ ಒಂದು ಹಳ್ಳ ಹರಿಯುತ್ತದೆ, ಅದಕ್ಕೊಂದು ಮರದ ಸೇತುವೆ. ನಲವತ್ತನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ನಾನು ಅಲ್ಲಿಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಎಸೆಯಲಿಕ್ಕೇ ಹೋದೆ. ಹಿತ್ತಲಲ್ಲಿ ಒಣಗಿಸಿದ್ದೆ, ಯಾರೋ ಹೊತ್ತುಕೊಂಡು ಹೋದರು ಅಂದರಾಯಿತು. ಕೇಸು ಹೋದರೂ ಅವರ ಮುಖಕ್ಕೆ ಏನೂ ಆಗುವುದಿಲ್ಲ, ನನ್ನ ಮಾನವೂ ಉಳಿಯುತ್ತದೆ ಅಂತ ಮನಸ್ಸು ಲೆಕ್ಕ ಹಾಕಿತು.

ಕೈ ಮೇಲೆತ್ತಿದೆ. ಸಂಜೆಯ ಬಿಸಿಲು ನೀರಿನ ಮೇಲಿತ್ತು. ಆಚೆ ದಡದಲ್ಲಿ ಅಣಬೆ ಕೀಳಲು ಬಂದ ಒಬ್ಬ ಮುದುಕ ಬುಟ್ಟಿ ಹಿಡಿದು ನಿಂತು ನನ್ನನ್ನು ನೋಡಿ, ಟೊಪ್ಪಿಗೆ ತೆಗೆದು ಏನೋ ನಮಸ್ಕಾರ ಹೇಳಿ ಹೋದ. ಯಾರೋ ಹೊತ್ತುಕೊಂಡು ಹೋದರು ಅಂದರೆ ಯಾರು ಅಂತ ಅನುಮಾನ ಬರುತ್ತದೆ? ಇಂಥವನ ಮೇಲೇ ಅಲ್ಲವಾ? ಇಪ್ಪತ್ತು ವರ್ಷದ ಬಸಣ್ಣ ಗೇಟಿನ ಹತ್ತಿರ ಖಾಲಿ ಚೀಲ ಕೊಡವಿ ತೋರಿಸುತ್ತಾ ನಿಂತಿದ್ದು ಕಣ್ಣಿಗೆ ಬಂತು. ಅಲ್ಲೇ ಸೇತುವೆ ಮೇಲೆ ಕೂತು ಅತ್ತೆ.

ಎದ್ದು ವಾಪಸ್ ಬಂದು ನಲವತ್ತನ್ನೂ ಕೆಂಪು ಟ್ರೇಯಲ್ಲಿ ಸಾಲಾಗಿ ಇಟ್ಟೆ.

ಅದೇ ಸಂಜೆ

ಸಾಹೇಬರು ಕೋಣೆಗೆ ಬಂದವರೇ ಹೊಳಪು ನೋಡಿ, "ಭಾರಿ ಐತಲ್ಲೋ!" ಅಂದರು. ಆಮೇಲೆ ಅವು ಇರುವುದು ಯಾವ ಟ್ರೇ ಅಂತ ಗಮನಿಸಿದರು.

"ಎಲ್ಲಾ ಹಾಳು ಮಾಡೀನಿ ಸಾಹೇಬ್ರೆ. ಇಡಿಯಾಗಿ ಕಾಯಿಸಿಬಿಟ್ಟೆ. ಬುಡ ಮೆತ್ತಗಾಗೈತೆ."

ಒಂದನ್ನು ತೆಗೆದು ಇಕ್ಕಳದಲ್ಲಿ ಬುಡ ಒತ್ತಿದರು. ನೆಗ್ಗಿತು. ಕುರ್ಚಿಯಲ್ಲಿ ಕೂತರು. "ಇದು ಬುಡ. ಇದರ ಹಿಂದೆ ನನ್ನ ಮುಖ ಇರತೈತೆ" ಅಂದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಪೀಸನ್ನು ಕಚ್ಚಿ ಹಿಡಿಯುವ ಬೆಂಚಿನ ವೈಸಿನ ಕಡೆ ಕೈ ತೋರಿಸಿದರು. ಯಾರೂ ಎಂದೂ ಇವನ್ನು ಬಳಸದ ಹಾಗೆ ಮಾಡಬೇಕಿತ್ತು. ನಾನು ಹಿಡಿ ತಿರುಗಿಸುತ್ತಾ ಒಂದೊಂದನ್ನೇ ಚಪ್ಪಟೆ ಮಾಡಿದೆ, ಅವರು ಒಂದೊಂದನ್ನೇ ಎತ್ತಿ ಕೊಟ್ಟರು. ಅವರಪ್ಪನ ಬಂದೂಕಿನ ಕೇಸುಗಳು. ಕೊನೆಯದು ಮುಗಿದಾಗ ನನ್ನ ಬಾಯಿ ತಾನೇ ತೆರೆಯಿತು. ಗನ್‌ಮೆಟಲ್ ಬುಷ್, ಟಿಫಿನ್ ಡಬ್ಬಿ, ಸೇತುವೆ, ಬಸಣ್ಣ, ಎಲ್ಲಾ ಹೇಳಿದೆ.

ಅವರು ಎದ್ದು ಬೆಂಚಿನ ಮೇಲಿನ ಆ ಕಪ್ಪು ಬಳೆಯಿಂದ ಬ್ರಷ್ಷುಗಳನ್ನು ಹೊರಗೆ ಸುರಿದು, ತಿರುವಿ, ನನ್ನ ಕೈಗಿಟ್ಟರು. ಅಡಿಯಲ್ಲಿ ಪಂಚ್ ಮಾಡಿದ ನಂಬರು, ನಲವತ್ತೇಳು. ಕಾರ್ಖಾನೆಯಲ್ಲಿ ನನ್ನ ಟೋಕನ್ ನಂಬರು. ಪ್ರತಿ ಪೀಸಿಗೂ ಮಾಡಿದವನ ನಂಬರು ಹೊಡೆಯಬೇಕು ಅನ್ನುವುದು ಅವರದೇ ಕಟ್ಟಳೆಯಾಗಿತ್ತು.

"ಬೇಸಿಗೆ. ಹೊಳೆಯಾಗ ನೀರಿಲ್ಲ. ನಾನು ಮರಳ ಮೇಲೆ ನಡೆದೆ. ಇದು ಹೊಳೀತಿತ್ತು" ಅಂದರು.

"ನಿಮಗೆ ಗೊತ್ತಿತ್ತಾ?" ನನ್ನ ಧ್ವನಿ ಏರಿತು. ನಾಚಿಕೆಯ ಜಾಗದಲ್ಲಿ ಸಿಟ್ಟು ಬಂದಿತ್ತು. "ಮತ್ತೆ ಯಾಕ ಹೇಳ್ಲಿಲ್ರಿ? ಬಸಣ್ಣ ಏನ್ ಮಾಡಿದ್ದ?"

"ಎರಡು ವಾರಕ್ಕೆ ನನ್ನ ವಿಮಾನ. ಹೇಳಿದ್ರೆ ನೀನೂ ಹೋಗ್ತಿದ್ದೆ. ನಿನ್ನ ಕೈ ಚಲೋ ಇತ್ತು. ನಾ ಹೋದ ಮ್ಯಾಲೆ ಯಂತ್ರಕ್ಕೆ ಆ ಕೈ ಬೇಕಿತ್ತು." ಸ್ವಲ್ಪ ತಡೆದು, "ದಿನಾ ನೋಡ್ತೀನಿ ಇದನ್ನ. ಇದು ನಿನ್ನ ಕೆಟ್ಟ ಪೀಸು ಅಲ್ಲ. ನನ್ನದು" ಅಂದರು. ಅವರು ಕೈ ಚಾಚಿದರು. ನಾನು ಹಿಡಿದುಕೊಂಡೆ. ಇಬ್ಬರೂ ಹಾಗೇ ಕೂತಿದ್ದೆವು, ಹಾನಾ ಬಂದು ಸೂಪು ಆರುತ್ತಿದೆ ಅನ್ನುವವರೆಗೆ.

ಪಂದ್ಯದ ದಿನ

ಪಂದ್ಯಕ್ಕೆ ಇಪ್ಪತ್ತು ಗುಂಡು. ಸಾಹೇಬರ ಬಳಿ ಇದ್ದದ್ದು ಹತ್ತು, ನನ್ನ ಬೆರಳು ಸುಟ್ಟುಕೊಂಡು ಮಾಡಿದವು. ಮರಳುಚೀಲದ ಮೇಲೆ ಬಂದೂಕು ಇಟ್ಟು ಮಲಗಿ ಹತ್ತನ್ನೂ ಹೊಡೆದರು. ದುರ್ಬೀನಿನಲ್ಲಿ ನೋಡಿದರೆ ಹತ್ತೂ ತೂತನ್ನು ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಉಳಿದವರೆಲ್ಲ ಮುಂದುವರಿಸಿದರು, ಇವರು ಎದ್ದು ಬಟ್ಟೆ ಕೊಡವಿಕೊಂಡರು. ಮಿಕ್ಕ ಹತ್ತು ಯಾಕಿಲ್ಲ ಅಂತ ಕ್ಲಬ್ಬಿನವರು ಕೇಳಿದ್ದಕ್ಕೆ ನಾನು ಹಾನಾ ಕೈಲಿ ನಿಜ ಹೇಳಿಸಿದೆ. ಒಬ್ಬರೂ ನಗಲಿಲ್ಲ. ಲೆಕ್ಕದ ಚೀಟಿಯಲ್ಲಿ ಅರ್ಧ ಖಾಲಿ ಬಿಟ್ಟು ಸಾಹೇಬರು ಸಹಿ ಮಾಡಿದರು.

ಹೊರಡುವಾಗ ಬುಷ್ ಅನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಅವನಿಗೆ ಕೊಡು. ನನ್ನ ಹೆಸರೂ ಹೇಳು" ಅಂದರು. ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿ ಇದೇನು ಅಂತ ಕೇಳಿದರು. ಕೆಟ್ಟ ಪೀಸು ಅಂದೆ.

ನಂದಿಗುಡಿ

ದಾವಣಗೆರೆಗೆ ಬಂದ ಮೂರನೇ ದಿನ ಹರಿಹರದಲ್ಲಿ ಬಸ್ಸು ಬದಲಿಸಿ ನಂದಿಗುಡಿಗೆ ಹೋದೆ. ಹೊಲದಲ್ಲಿ ಭತ್ತ ತೆನೆ ಬಾಗಿತ್ತು. ಬಸಣ್ಣ ಕಟ್ಟೆಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ.

"ಬಾರಲೇ ಫಾರಿನ್ ಸಾಬ! ಏನ್ ತಂದಿ ನನಗೆ?"

ಕಾಗದ ಬಿಚ್ಚಿ ಅವನ ಮುಂದಿಟ್ಟೆ. ಕೂತುಕೊಳ್ಳಲಿಲ್ಲ, ನಿಂತೇ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತ್ತು. ನಾನು ಕೆಡಿಸಿದ್ದು, ನಾನು ಎಸೆದಿದ್ದು, ಸಾಹೇಬರಿಗೆ ಸಿಕ್ಕಿದ್ದು, ಇಬ್ಬರೂ ಸುಮ್ಮನಿದ್ದದ್ದು.

ಬಸಣ್ಣ ಅದನ್ನು ಎತ್ತಿ ತಿರುಗಿಸಿ ನಂಬರು ನೋಡಿದ. ಹೆಬ್ಬೆರಳಲ್ಲಿ ಸವರಿದ. "ನಂದು ನಲವತ್ತೆಂಟು" ಅಂದ. ನನ್ನ ಮುಖಕ್ಕೆ ಉಗಿಯುತ್ತಾನೆ, ಕುಡುಗೋಲಲ್ಲೇ ಹೊಡೆದರೂ ಸರಿಯೇ ಅಂತ ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಬುಷ್ ಕೈಯಲ್ಲಿ ಹಿಡಿದು ಬಾಗಿಲ ಕಡೆ ತಿರುಗಿ ಕೂಗಿದ.

"ಗೌರಾ! ಏ ಗೌರಾ! ಬಾ ಇಲ್ಲಿ, ಜಲ್ದಿ ಬಾ."

ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಯಾಕ? ಏನಾತು? ಬರ್ರಿ ಅಣ್ಣಾ, ಕೂಡ್ರಿ" ಅಂದಳು.

ಬಸಣ್ಣ ಬುಷ್ ಅನ್ನು ಅವಳ ಕೈಗೆ ಕೊಟ್ಟ. ಮೊದಲ ಸಲ ನನ್ನ ಕಣ್ಣು ನೋಡಿದ.

"ಇನ್ನೊಂದ್ಸಲ ಹೇಳು" ಅಂದ. "ಇವಳ ಮುಂದೆ ಹೇಳು."

ನಾನು ಮೊದಲಿಂದ ಹೇಳಿದೆ.